ಡಾಕ್ಟರ್ ಹತ್ತಿರ ಕೇಳಿ: ಗಂಡ ಕೈ ಎತ್ತೋದಕ್ಕೆ ಕುಡಿತವೇ ಕಾರಣವಾ?

ಅಡ್ಮಿನ್: ಸಂಜೆ 7ರಿಂದ ನಮ್ಮ ಗುಂಪಿನ ಮನೋವೈದ್ಯೆ ಉತ್ತರಿಸುತ್ತಾರೆ. ಹೆಸರು ಬೇಡದವರು ಅನಾಮಿಕವಾಗಿ ಕೇಳಿ.

ತುಮಕೂರು ಟೀಚರ್: ಮೇಡಂ, ಕುಡಿತ ಬಿಟ್ಟರೆ ಹೊಡೆಯೋದೂ ನಿಲ್ಲುತ್ತಾ?

ಡಾಕ್ಟರ್: ಕೆಲವರಲ್ಲಿ ಕಡಿಮೆಯಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಗಂಡ ಪದೇಪದೇ ಕುಡಿದು ಬರುವ ಹೆಂಗಸರಲ್ಲಿ 100ಕ್ಕೆ 70 ಮಂದಿ ಏಟು ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದರು. ಗಂಡ ಕುಡಿಯದ ಕಡೆ 23. ಆ 23 ಮರೀಬೇಡಿ. ಕುಡಿದವನು ಬಾರ್ ಮಾಲೀಕನ ಮೇಲೆ ಕೈ ಮಾಡಲ್ಲ, ಮನೆಗೆ ಬಂದು ಹೊಡೆಯುತ್ತಾನೆ ಅಲ್ವಾ? ಅಪ್ಪ ಅಮ್ಮನಿಗೆ ಹೊಡೆಯೋದನ್ನು ನೋಡಿ ಬೆಳೆದಿರೋದು, ಹೆಂಡತಿ ಹೇಳಿದ ಹಾಗೆ ಕೇಳಬೇಕು ಅನ್ನೋ ಹಟ, ಸಂಶಯ, ಇವೂ ಸೇರಿರುತ್ತವೆ.

ಮಲ್ಲಿಗೆ ಮನೆ: (ಫಾರ್ವರ್ಡ್) ಈ ಪುಡಿಯನ್ನು ಗಂಡನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ. 21 ದಿನದಲ್ಲಿ ಬಾಟಲಿ ಮುಟ್ಟಲ್ಲ!

ಡಾಕ್ಟರ್: ದಯವಿಟ್ಟು ಹಾಕಬೇಡಿ. ಅದರಲ್ಲಿ ಡೈಸಲ್ಫಿರಾಮ್ (ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಔಷಧಿ) ಇದ್ದು, ಅದರ ಮೇಲೆ ಅವನು ಕುಡಿದರೆ ಬಿಪಿ ಕುಸಿದು ಜೀವ ಹೋಗಬಹುದು. ಅವನಿಗೆ ಗೊತ್ತಾದ ದಿನ ಏಟು ಬೀಳೋದು ನಿಮಗೆ.

ಸುಮ್ನೆ ಓದುಗ: ಪುಡಿ ಹೆಸರು ಹೇಳಿ ಪ್ಲೀಸ್.

ಡಾಕ್ಟರ್: ಮೇಲೆ ಓದಿ.

ಅನಾಮಿಕ ಸದಸ್ಯೆ: ನನ್ನ ಗಂಡ ಕುಡಿಯಲ್ಲ. ಹಾಲು ತರೋಕೆ ಹೋದರೂ ಎಷ್ಟು ಹೊತ್ತಾಯ್ತು ಅಂತ ಲೆಕ್ಕ ಕೇಳ್ತಾರೆ, ಫೋನ್ ನೋಡ್ತಾರೆ. ಮೊನ್ನೆ ಜಗಳದಲ್ಲಿ ಕತ್ತು ಹಿಸುಕಿದರು. ಸ್ವಲ್ಪ ಹೊತ್ತು ಕಣ್ಣು ಕತ್ತಲಾಯ್ತು. ಆಮೇಲೆ ಅತ್ತು, ಸೀರೆ ತಂದುಕೊಟ್ಟರು. ಧ್ವನಿ ಇನ್ನೂ ಒಡೆದ ಹಾಗಿದೆ. ತವರಿಗೆ ಹೋಗ್ತೀನಿ ಅಂತ ಹೆದರಿಸಲಾ? ಪಕ್ಕದ ಮನೆ ಅಕ್ಕನ ಫೋನಿಂದ ಬರೀತಿದ್ದೀನಿ.

ಡಾಕ್ಟರ್: ನಿಮ್ಮದನ್ನು ಎರಡು ಸಲ ಓದಿದೆ. ಮೊದಲು ಆಸ್ಪತ್ರೆಗೆ ಹೋಗಿ, ನಾಳೆ ಅಲ್ಲ, ಈಗಲೇ. ಚರ್ಮದ ಮೇಲೆ ಗುರುತೇ ಇಲ್ಲದೆ ಒಳಗೆ ರಕ್ತನಾಳಕ್ಕೆ ಪೆಟ್ಟಾಗಿರಬಹುದು, ದಿನಗಳ ನಂತರವೂ ಸ್ಟ್ರೋಕ್ ಆಗಬಹುದು. ಕೆನ್ನೆಗೆ ಹೊಡೆದದ್ದೂ ಕತ್ತು ಹಿಸುಕಿದ್ದೂ ಒಂದೇ ಅಲ್ಲ. ಅಮೆರಿಕದಲ್ಲಿ 2008ರಲ್ಲಿ ಬಂದ ಅಧ್ಯಯನದಲ್ಲಿ, ಒಮ್ಮೆ ಸಂಗಾತಿಯಿಂದ ಕತ್ತು ಹಿಸುಕಿಸಿಕೊಂಡವರು ಮುಂದೆ ಅವನಿಂದಲೇ ಕೊಲೆಯಾಗುವ ಅಪಾಯ 7 ಪಟ್ಟಿಗೂ ಜಾಸ್ತಿ ಇತ್ತು. ಜೊತೆಗೆ ಸಂಶಯ, ಕಾವಲು. ಅದಕ್ಕೇ ಭಯವಾಗ್ತಿದೆ.

ಹೋಗ್ತೀನಿ ಅಂತ ಹೆದರಿಸಲೇಬೇಡಿ. ಬಿಟ್ಟು ಹೋಗುವ ಹೊತ್ತೇ ತುಂಬಾ ಅಪಾಯದ್ದು. ಆಧಾರ್, ಪಾಸ್‌ಬುಕ್ ಅಕ್ಕನ ಮನೆಯಲ್ಲಿಡಿ. ಮಹಿಳಾ ಸಹಾಯವಾಣಿ 181ಕ್ಕೆ ಅವರ ಫೋನಿಂದಲೇ ಮಾಡಿ, ಪ್ರಾಣಕ್ಕೆ ಬಂದರೆ 112. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಅದೇ ಮನೆಯಲ್ಲಿ ಉಳಿಯುವ ಆದೇಶವನ್ನೂ ಕೇಳಬಹುದು. ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿನಲ್ಲಿ ವಿಚಾರಿಸಿ.

ಮಂಡ್ಯದ ಹುಡುಗ: ಒಂದೇ ಕಡೆ ಕಥೆ. ಗಂಡಸರಿಗೆ ಹೊಡೆಯೋ ಹೆಂಡ್ತೀರಿಲ್ವಾ? ಸುಳ್ಳು ಕೇಸು ಎಷ್ಟಿಲ್ಲ?

ತುಮಕೂರು ಟೀಚರ್: ಅಣ್ಣಾ, ಅವರಿಗೆ ಧ್ವನಿ ಹೊರಡ್ತಿಲ್ಲ. ನಿಮ್ಮ ಭಾಷಣ ಈಗಲೇ ಬೇಕಾ?

ಮಂಡ್ಯದ ಹುಡುಗ: ಇದು ನಿಮ್ಮ ಕ್ಲಾಸ್‌ರೂಮ್ ಅಲ್ಲ.

ಮೈಸೂರು ಅಜ್ಜಿ: ನಮ್ಮ ಕಾಲದಲ್ಲಿ ಸಹಿಸಿಕೊಂಡು ಸಂಸಾರ ಮಾಡಿದೆವಮ್ಮ.

ತುಮಕೂರು ಟೀಚರ್: ಸಹಿಸಿ ಸತ್ತವರು ಬಂದು ಕಾಮೆಂಟ್ ಹಾಕಲ್ಲ ಅಜ್ಜಿ.

ಅನಾಮಿಕ ಸದಸ್ಯ: ನಾನು ಹೆಂಡತಿಗೆ ಹೊಡೆದಿದ್ದೇನೆ, ಎರಡು ಸಲ. ನಿಲ್ಲಿಸಬೇಕು. ಎಲ್ಲಿಗೆ ಹೋಗಲಿ?

ಮಂಡ್ಯದ ಹುಡುಗ: ಅಜ್ಜಿಗೆ ಹಾಗೆ ಮಾತಾಡೋದಾ? ಅಡ್ಮಿನ್ ಎಲ್ಲಿದ್ದೀರಿ?

ಸುಮ್ನೆ ಓದುಗ: ಪುಡಿ ಹೆಸರು??

ಡಾಕ್ಟರ್: ಇನ್ನೊಂದು ಸಲ ಪುಡಿ ಅಂದರೆ ನಾನು ಗುಂಪಿನಿಂದ ಹೊರಗೆ. ಅನಾಮಿಕ ಸದಸ್ಯೆ, ಹೊರಟಿರಾ?

ಅನಾಮಿಕ ಸದಸ್ಯೆ: ಅಕ್ಕನ ಜೊತೆ ಆಟೋದಲ್ಲಿದ್ದೀನಿ ಮೇಡಂ.

ಡಾಕ್ಟರ್: ಅಲ್ಲಿ 'ಬಿದ್ದೆ' ಅನ್ನಬೇಡಿ. 'ಗಂಡ ಕತ್ತು ಹಿಸುಕಿದ' ಅಂತಲೇ ಬರೆಸಿ.