ಮನಸ್ಸಿಗೆ ಹತ್ತದ ವಾದಕ್ಕೆ ಸರಿಯಾದ ಪದ ಯಾವುದು?

ಪ್ರಶ್ನೆ | ಹೇಮಾವತಿ_ದಂಡೆ
ಹಾಸನದಲ್ಲಿ ಪಿಯು ಮಕ್ಕಳ ಚರ್ಚಾಸ್ಪರ್ಧೆ ಇದೆ. ವಿಷಯ: ಸಕಲೇಶಪುರ, ಆಲೂರು ಕಡೆಯ ಕಾಡಾನೆ ಹಾವಳಿಗೆ ರೈಲು ಕಂಬಿಯ ಬೇಲಿಯೇ ಪರಿಹಾರ. ತೀರ್ಪಿನ ಹಾಳೆಯಲ್ಲಿ ಒಬ್ಬೊಬ್ಬರಿಗೂ ಒಂದೆರಡು ಪದದ ಟಿಪ್ಪಣಿ ಬರೆಯಬೇಕು. ಎಲ್ಲರಿಗೂ "ವಾದ ದುರ್ಬಲ" ಅಂತ ಗೀಚಿದರೆ ಎಲ್ಲಿ ಎಡವಿದ್ದು ಅಂತ ಮಕ್ಕಳಿಗೆ ತಿಳಿಯಲ್ಲ. ಜೊಳ್ಳು, ಪೊಳ್ಳು, ಹುರುಳಿಲ್ಲ, ಕುತರ್ಕ, ವಿತಂಡ ಇವೆಲ್ಲ ಒಂದೇನಾ?

ಉತ್ತರ | ತೂರುಗಾಳಿ
ಒಂದೇ ಅಲ್ಲ. ಭತ್ತ ತೂರುವಾಗ ಹಾರಿಹೋಗುವುದು, ಕಾಫಿ ಹಣ್ಣನ್ನು ನೀರಿಗೆ ಸುರಿದಾಗ ತೇಲುವುದು ಜೊಳ್ಳು. ಸಿಪ್ಪೆ ಇದೆ, ಒಳಗೆ ಕಾಳಿಲ್ಲ. ಹಾಗಾಗಿ ಮಾತು ಧಾರಾಳ, ಆಧಾರ ಕಡಿಮೆ ಅನ್ನುವ ಕಡೆ "ಜೊಳ್ಳು ಹೆಚ್ಚು" ಅಂತ ಬರೆಯಿರಿ. ಗಟ್ಟಿ ಕಾಳೂ ಒಂದಷ್ಟಿದೆ ಅನ್ನುವುದು ಅದರಲ್ಲೇ ಬರುತ್ತದೆ. ಕಾಗುಣಿತ ಮಾತ್ರ ಜೋಪಾನ. ಳ್ಳು ಹೋಗಿ ಲ್ಲು ಆದರೆ ಬಾಯಿಂದ ಸುರಿಯುವ ಜೊಲ್ಲು!

ಪೊಳ್ಳು ಇನ್ನೂ ಖಾರ. ಪೊಳ್ಳು ಭರವಸೆ ಅಂದಾಗ ಮೋಸದ ವಾಸನೆ ಇರುತ್ತದಲ್ಲ, ಆ ವಾಸನೆ ವಾದಕ್ಕೂ ಅಂಟುತ್ತದೆ. ಮಕ್ಕಳಿಗೆ ಬೇಡ. "ಹುರುಳಿಲ್ಲ" ಇಡೀ ವಾದವನ್ನೇ ತಳ್ಳಿಹಾಕುವ ಮಾತು, ಅಪರೂಪಕ್ಕೆ ಬಳಸಿ. ಅದನ್ನು ಬಿಡಿಸಿ "ಹುರುಳಿ ಇಲ್ಲ" ಅಂತ ಬರೆದರೆ ಸಾರಿಗೆ ಕಾಳು ಮುಗಿದಿದೆ ಅಂತಾಗುತ್ತದೆ.

ಉತ್ತರ | ಚಿಕ್ಕಬೆಟ್ಟ
ಕುತರ್ಕ, ವಿತಂಡ ತರ್ಕಶಾಸ್ತ್ರದ ಕಡೆಯವು. ಗೌತಮನ ನ್ಯಾಯಸೂತ್ರದಲ್ಲಿ ಮಾತಿನ ಹೋರಾಟಕ್ಕೆ ಮೂರು ಬಗೆ. ಸತ್ಯ ತಿಳಿಯಲು ನಡೆಯುವುದು ವಾದ, ಗೆಲ್ಲಲಿಕ್ಕೇ ನಡೆಯುವುದು ಜಲ್ಪ. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಿನವರದ್ದನ್ನು ಕೆಡವುತ್ತ ಹೋಗುವುದು ವಿತಂಡ. ನಾವು ಮೊಂಡುತನಕ್ಕೆಲ್ಲ ವಿತಂಡ ಅನ್ನುತ್ತೇವೆ, ಅದು ಸಡಿಲ ಬಳಕೆ. ಮೊಂಡನಿಗೆ ತನ್ನದೊಂದು ಪಕ್ಷ ಇದ್ದೇ ಇರುತ್ತದೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಅದು ಮೊಂಡುವಾದ. ಬೇಲಿ ಬೇಡ, ಸ್ಥಳಾಂತರ ಬೇಡ, ಪರಿಹಾರಧನವೂ ಬೇಡ ಅಂದು ಏನು ಬೇಕು ಅಂತ ಹೇಳದೆ ಕೂತರೆ ಅದು ವಿತಂಡ.

ಕಾರಣವೇ ಕೆಟ್ಟಿದ್ದರೆ ಹೇತ್ವಾಭಾಸ. ಸೂತ್ರದಲ್ಲಿ 5 ಬಗೆ ಇವೆ, ಸ್ಪರ್ಧೆಗೆ 2 ಸಾಕು. "ಕೊಂಬಿದೆ, ಆದ್ದರಿಂದ ಹಸು" ಅಂದರೆ ಸವ್ಯಭಿಚಾರ, ಎಮ್ಮೆಗೂ ಕೊಂಬುಂಟು. ಮುಳ್ಳಯ್ಯನಗಿರಿಯ ಮಂಜನ್ನು ಹೊಗೆ ಅಂದುಕೊಂಡು "ಅಲ್ಲಿ ಬೆಂಕಿ ಬಿದ್ದಿದೆ" ಅಂದರೆ ಅಸಿದ್ಧ, ಕೊಟ್ಟ ಕಾರಣವೇ ಅಲ್ಲಿಲ್ಲ. ಮಕ್ಕಳ ಹಾಳೆಗೆ "ಕಾರಣ ಸಾಲದು", "ಕಾರಣವೇ ಸಾಬೀತಾಗಿಲ್ಲ" ಅಂತ ತಿಳಿಗನ್ನಡದಲ್ಲಿ ಬರೆಯಿರಿ. ಕುತರ್ಕ ಬೈಗುಳಕ್ಕೆ ಹತ್ತಿರ, ತಪ್ಪು ಯಾವುದೆಂದು ಹೇಳುವುದೇ ಇಲ್ಲ.

ಅಂದಹಾಗೆ ವಾದಪಟುಗಳಿಗೆ ನಿಮ್ಮ ಜಿಲ್ಲೆ ಹೊಸತಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನ, ವಾದದಲ್ಲಿ ಗೆದ್ದ ಜೈನಾಚಾರ್ಯರನ್ನು ಸಾಲುಸಾಲಾಗಿ ಹೊಗಳುತ್ತದೆ.

ಉತ್ತರ | ಕರಡು_ತಿದ್ದುವವ
ಕ್ರಿಯಾಪದದ ಕಡೆಗೂ ಗಮನ ಇರಲಿ. "ವಾದ ಮನವೊಲಿಸಲಿಲ್ಲ" ಅರ್ಧಂಬರ್ಧ ವಾಕ್ಯ. ಒಲಿಸುವುದು ಮನವನ್ನು, ಹಾಗಾಗಿ "ಸಭೆಯ ಮನವೊಲಿಸಲಿಲ್ಲ" ಆಗಬೇಕು, "ಸಭೆಯನ್ನು ಮನವೊಲಿಸಲಿಲ್ಲ" ಅಲ್ಲ. ವಿಷಯ ಅರ್ಥವಾಗಿ ಹೌದು ಅನ್ನಿಸುವುದು ಮನವರಿಕೆ; ಒಪ್ಪಿಸಿ ತನ್ನ ಕಡೆಗೆ ತಿರುಗಿಸಿಕೊಳ್ಳುವುದು ಮನವೊಲಿಕೆ. ಅಂಕಿ ಅಂಶ ಇದ್ದೂ ಸಪ್ಪೆಯಾಗಿ ಹೇಳಿದವರು ಮನವರಿಕೆ ಮಾಡಿರಬಹುದು, ಮನ ಒಲಿಸಿರಲ್ಲ.

ಪ್ರಶ್ನೆಗೆ ಉತ್ತರಿಸದೆ ಜಾರಿಕೊಂಡರೆ "ಹಾರಿಕೆ ಉತ್ತರ". ಎರಡೂ ಕಡೆಗೆ ಸಲ್ಲುವಂತೆ ಮಾತಾಡಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ. ಇವನ್ನು ಜೊಳ್ಳಿನ ಜೊತೆ ಸೇರಿಸಬೇಡಿ.

ಹೇಮಾವತಿ_ದಂಡೆ
ಉಪಯೋಗ ಆಯ್ತು. ಇನ್ನೊಂದು: "ಬೇಲಿ ಹಾಕಿದ ವರ್ಷ ಕಾಫಿಗೆ ಬೆಲೆ ಬಂತು, ಆದ್ದರಿಂದ ಬೇಲಿ ಒಳ್ಳೇದು" ಅಂದರೆ? ಬಾದರಾಯಣ ಸಂಬಂಧ ಅನ್ನಬಹುದಾ?

ಚಿಕ್ಕಬೆಟ್ಟ
ಅಲ್ಲ, ಅದು ಕಾಕತಾಳೀಯ. ಕಾಗೆ ಕೂತಿತು, ತಾಳೆಹಣ್ಣು ಬಿತ್ತು, ಅಷ್ಟೇ. ನಿಮ್ಮ ಮನೆ ಮುಂದೆ ಎಲಚಿ ಮರ, ನಮ್ಮ ಗಾಡಿಯದ್ದು ಎಲಚಿ ಮರದ ಚಕ್ರ, ಹಾಗಾಗಿ ನಾವು ನೆಂಟರು ಅಂತ ಎಳೆದು ತಂದ ನಂಟು ಬಾದರಾಯಣ ಸಂಬಂಧ. ಬದರಿ ಅಂದರೆ ಎಲಚಿ. ನಿಮ್ಮ ಹಾಳೆಗೆ "ಜೊತೆಗೆ ಆದದ್ದು, ಅದರಿಂದ ಆದದ್ದಲ್ಲ" ಅಂತ ಬರೆದರೆ ಸಾಕು.