ಬಿಳಿ ಪಂಚೆ ಬರೆದರೆ ಕಲ್ಲಿನ ಹಾಗೆ ಕಾಣುತ್ತಿದೆ, ಯಾಕೆ?

ಹೊಸ ಕುಂಚ: ಕುರ್ಚಿಯ ಬೆನ್ನಿಗೆ ಬಿಳಿ ಹತ್ತಿ ಪಂಚೆ ಇಳಿಬಿಟ್ಟು ತೈಲವರ್ಣದಲ್ಲಿ ಬರೆಯುತ್ತಿದ್ದೇನೆ. ನಾಲ್ಕು ದಿನವಾಯಿತು. ಒಂದು ಮಡಿಕೆಯನ್ನೂ ಬಿಟ್ಟಿಲ್ಲ. ನೆರಳಿಗೆ ಬಿಳಿಗೇ ಕಪ್ಪು ಬೆರೆಸಿದೆ. ನೋಡಿದರೆ ಬಟ್ಟೆಯಲ್ಲ, ಕಲ್ಲು. ಫೋಟೊ ತೆಗೆದು ಅದನ್ನು ನೋಡಿ ಬರೆದರೆ ವಾಸಿನಾ?

ಹಳೇ ಕ್ಯಾನ್ವಾಸ್: ಫೋಟೊ ಬೇಡ. ಮೊಬೈಲಿನಲ್ಲಿ ನೆರಳಿನ ಒಳಗಿನ ಬಣ್ಣ ಎಷ್ಟೋ ಸಲ ಬರೀ ಕಪ್ಪಾಗಿಬಿಡುತ್ತದೆ. ಬಿಳಿ ಬಟ್ಟೆಯ ಸೊಗಸೆಲ್ಲ ಅಲ್ಲೇ ಇರುವುದು. ಒಂದು ಮಡಿಕೆಗೆ ಬಿದ್ದ ಬೆಳಕು ಎದುರಿನ ಮಡಿಕೆಯ ನೆರಳಿಗೂ ಹಾಯುತ್ತದೆ. ಕಪ್ಪು ಬಿಡಿ. ನೆರಳಿನ ಬೂದಿಗೆ ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಸೇರಿಸಿ ನೋಡಿ.

ಕಿಟಕಿ ಪಕ್ಕ: ನಾನು ಒಪ್ಪುವುದಿಲ್ಲ ಸರ್. ತಪ್ಪು ಕಪ್ಪಿನದಲ್ಲ. ಲಿಯೊನಾರ್ಡೊ ಡ ವಿಂಚಿ 1470ರ ದಶಕದಲ್ಲಿ ಫ್ಲಾರೆನ್ಸ್‌ನಲ್ಲಿ ಬರೆದರೆನ್ನುವ ಬಟ್ಟೆಯ ಅಭ್ಯಾಸ ಚಿತ್ರಗಳನ್ನು ನೋಡಿ. ಲಿನನ್ ಬಟ್ಟೆಯ ಮೇಲೆ ಬೂದು, ಬಿಳಿ, ಅಷ್ಟೇ. ಆದರೂ ಮೊಣಕಾಲಿನ ಮೇಲೆ ಕೂತ ಬಟ್ಟೆಯ ಭಾರ ಗೊತ್ತಾಗುತ್ತದೆ. ಬಟ್ಟೆ ಎಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲಿಂದಲೇ ಮಡಿಕೆ ಹುಟ್ಟುವುದು. ನಿಮ್ಮ ಪಂಚೆಗೆ ಅದು ಕುರ್ಚಿಯ ಎರಡು ಮೂಲೆ. ಮೊದಲು ಅಲ್ಲಿಂದ ಇಳಿಯುವ ಎಳೆತ ಹಿಡಿಯಿರಿ.

ಹಳೇ ಕ್ಯಾನ್ವಾಸ್: ಎಳೆತದ ಮಾತು ನಿಜ. ಆದರೆ ಲಿಯೊನಾರ್ಡೊ ಮಣ್ಣಿನ ಬೊಂಬೆಗೆ ಜೇಡಿಯಲ್ಲಿ ಅದ್ದಿದ ಬಟ್ಟೆ ಹೊದಿಸಿ ಬರೆಯುತ್ತಿದ್ದ ಅಂತ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಹೇಳಿದ್ದಾನೆ. ಅಂದರೆ ಅವನ ಮುಂದಿದ್ದ ಬಟ್ಟೆಯೇ ಗಟ್ಟಿ. ಒಗೆದು ಒಗೆದು ಮೆತ್ತಗಾದ ಪಂಚೆಗೆ ಆ ದಾರಿ ಪೂರ್ತಿ ಹೊಂದುವುದಿಲ್ಲ.

ನೀರುಬಣ್ಣ: ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಹಲ್ದಂಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ವಾ, ಅದರ ಮುಂದೆ ಒಮ್ಮೆ ನಿಲ್ಲಿ. ಜಲವರ್ಣದ್ದು. ಎಲ್ಲರೂ ದೀಪ ನೋಡುತ್ತಾರೆ, ನಾನು ಸೀರೆ ನೋಡುತ್ತಾ ನಿಂತಿದ್ದೆ. ಬೆಳಕಿನಿಂದ ದೂರ ಹೋದ ಹಾಗೆ ನೆರಿಗೆ ಮೆತ್ತಗಾಗುತ್ತದೆ. ಎಲ್ಲ ನೆರಿಗೆಗೂ ಒಂದೇ ಒತ್ತು ಕೊಟ್ಟಿಲ್ಲ. ನೀವು ಒಂದು ಮಡಿಕೆಯನ್ನೂ ಬಿಟ್ಟಿಲ್ಲ ಅಂದಿರಲ್ಲ, ನನಗೆ ಅನುಮಾನ ಅದರ ಮೇಲೇ. ಅಂಚುಗಳೆಲ್ಲ ಒಂದೇ ಸಮ ಚೂಪಾಗಿವೆಯಾ? ಕಣ್ಣು ಅರ್ಧ ಮುಚ್ಚಿ ನೋಡಿ. ಆಗ ಕಾಣದ ಮಡಿಕೆಯನ್ನು ಬಿಟ್ಟುಬಿಡಿ.

ಹೊಸ ಕುಂಚ: ಈಗಷ್ಟೇ ಹಾಗೆ ನೋಡಿದೆ ಮೇಡಂ. ಮೂರೇ ಮಡಿಕೆ ಉಳಿದವು! ಇನ್ನೊಂದೂ ಕಂಡಿತು. ಎಡಗಡೆಯ ನೆರಳು ಬೆಳಗಿನದು, ಬಲಗಡೆಯದು ಮಧ್ಯಾಹ್ನದ್ದು. ಬಿಸಿಲು ತಿರುಗಿದ್ದು ನನಗೆ ಗೊತ್ತೇ ಆಗಿಲ್ಲ.

ಕಿಟಕಿ ಪಕ್ಕ: ಹಾಗಾದರೆ ಕಿಟಕಿಗೆ ಪರದೆ ಎಳೆದು ಒಂದೇ ದೀಪ ಇಡಿ, ಒಂದೇ ಪಕ್ಕದಿಂದ. ಪಂಚೆಯನ್ನು ಮಾತ್ರ ಮುಟ್ಟಬೇಡಿ. ಮನೆಯವರಿಗೂ ಹೇಳಿಡಿ.