ತೊಗರಿ ಪಟ್ಟಿಯ ಸಾಫ್ಟ್‌ವೇರ್: ಯಾವ ಟೆಸ್ಟಿಂಗ್ ಮೊದಲು?

ಪ್ರಶ್ನೆ:
ಕಲಬುರಗಿ ಗಂಜ್‌ನಾಗ ಒಂದು ಅಡತ್ (ದಲ್ಲಾಲಿ) ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರದೀನ್ರಿ, ಒಬ್ಬನೇ. ಹೋದ ವಾರ 41 ಚೀಲ ತೊಗರಿಗೆ 19 ರೂಪಾಯಿ ಕಮ್ಮಿ ಬಂತು. ರೈತರೊಬ್ಬರು ಬೆರಳು ಮಡಚಿ ಲೆಕ್ಕ ಹಾಕಿ, ಪಟ್ಟಿ (ಬಿಲ್ಲು) ನನ್ನ ಮುಂದ ಹಿಡಿದ್ರು. ಅವರ ದುಡಿಮಿ ರೊಕ್ಕ ಅದು, ರಾತ್ರಿ ನಿದ್ದಿ ಬರಲಿಲ್ಲ. ಸೆಲೆನಿಯಮ್ (ಬ್ರೌಸರ್‌ನಾಗ ತಾನೇ ಬಟನ್ ಒತ್ತಿ ನೋಡೋ ಟೂಲ್) ಹಚ್ಚಿ ಇಡೀ ಸ್ಕ್ರೀನ್ ಟೆಸ್ಟ್ ಮಾಡ್ಲ್ಯಾ, ಒಂದೊಂದು ಲೆಕ್ಕ ಬ್ಯಾರೆ ಬ್ಯಾರೆ ಪರೀಕ್ಷೆ ಮಾಡೋ ಯೂನಿಟ್ ಟೆಸ್ಟ್ ಬರೀಲ್ಯಾ?

ಉತ್ತರ 1:
ಯೂನಿಟ್ ಟೆಸ್ಟ್ ಮೊದಲು ತಮ್ಮಾ. ತಪ್ಪು ಲೆಕ್ಕದಾಗ ಅದ, ಸ್ಕ್ರೀನಿನಾಗಲ್ಲ. ಚೀಲಕ್ಕೊಮ್ಮೆ ಪೈಸೆ ಕತ್ತರಿಸಿ ಕೂಡಿಸೀಯೇನು ನೋಡು. ಫ್ಲೋಟ್ (ದಶಮಾಂಶ ಸಂಖ್ಯೆ ಇಡೋ ರೀತಿ) ಸಹ ಬಿಡು: ಜಾವಾಸ್ಕ್ರಿಪ್ಟ್‌ನಾಗ 0.1ಕ್ಕ 0.2 ಕೂಡಿಸಿದ್ರ 0.30000000000000004 ಬರ್ತದ. ರೊಕ್ಕ ಪೈಸೆದಾಗ, ತೂಕ ಗ್ರಾಮಿನಾಗ ಪೂರ್ಣಾಂಕ ಮಾಡಿ ಇಡು.

ಉತ್ತರ 2:
ಸೆಲೆನಿಯಮ್ ಟೆಸ್ಟ್ ಒಂದೆರಡು ಸಾಕ್ರಿ, ತೂಕದಿಂದ ಪ್ರಿಂಟ್ ತನಕ. ಬಟನ್ ಜಾಗ ಬದಲಾದ್ರೂ ಮುರೀತಾವ. ಅದರ ಬದಲಿ ಸಾಫ್ಟ್‌ವೇರ್ ಮುನೀಮರ (ಲೆಕ್ಕ ಬರಿಯೋರ) ಕೈಯಾಗ ಅರ್ಧ ತಾಸು ಕೊಡ್ರಿ. ನಮ್ಮವರು ತೂಕದ ಖಾನೆಯಾಗ ರೇಟ್ ಹಾಕಿದ್ರು, ಸಾಫ್ಟ್‌ವೇರ್ ಸುಮ್ನ ತಗೊಂತು. ಅಂಥಾದ್ದು ನಮ್ಮ ತಲಿಗೆ ಹೊಳಿಯೂದಿಲ್ಲ.

ಪ್ರಶ್ನೆ ಕೇಳಿದವರು:
ಸಿಕ್ತ್ರಿ ಅಣ್ಣಾರ! ಮ್ಯಾತ್ ಫ್ಲೋರ್ (ದಶಮಾಂಶ ಕತ್ತರಿಸೋ ಫಂಕ್ಷನ್) ಹಾಕಿದ್ದೆ, ಪ್ರತಿ ಚೀಲಕ್ಕೂ ಪೈಸೆ ಹಾರಿ ಹೋಗ್ತಿದ್ವು. ಕೈಬರಹದ 30 ಹಳೇ ಪಟ್ಟಿ ತಗೊಂಡು ಅವನ್ನೇ ಯೂನಿಟ್ ಟೆಸ್ಟ್ ಮಾಡೀನಿ. ನಾಳೆ 19 ರೂಪಾಯಿ ಅವರ ಕೈಗೆ ಕೊಟ್ಟು ಬರ್ತೀನಿ.